ಸೋಮವಾರದ ಮಜ್ಜಿಗೆ, ಭದ್ರೆಯ ನೀರು

ನನ್ನ ವಾರಗಿತ್ತಿ ಫೋನ್ ಮಾಡಿದ್ದು ಬುಧವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ. ಆ ಹೊತ್ತಿಗೆ ನಾನು ವಾಕಿಂಗ್ ಮುಗಿಸಿ, ಹಾಲು ಕಾಯಿಸಿ, ಪೇಪರ್ ಹಿಡಿದು ಕೂತಿರುತ್ತೇನೆಂಬುದು ಅವಳಿಗೆ ಗೊತ್ತು. ನಾಲ್ಕು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಮದುವೆಗೋ ಸಾವಿಗೋ ಹೋದಾಗ ಎದುರಾದರೆ "ಬಂದ್ರಾ", "ಬಂದೆ", ಅಷ್ಟೇ.

"ಅಕ್ಕಾ, ನನ್ನನ್ನ ಗುಡಿ ಅಡುಗೆಯಿಂದ ತೆಗೆದ್ರು" ಎಂದಳು.

ಅವಳು ಇರುವುದು ಭದ್ರಾವತಿಯಲ್ಲಿ. ಅವಳ ಮನೆಯ ಹಿಂದೆ, ಭದ್ರಾ ಹೊಳೆಯ ದಡದಲ್ಲಿ ಒಂದು ಚಿಕ್ಕ ಈಶ್ವರನ ಗುಡಿ ಇದೆ. ಪ್ರತಿ ಸೋಮವಾರ ಮಧ್ಯಾಹ್ನ ಅಲ್ಲಿ ಪ್ರಸಾದ. ಅನ್ನ, ಸಾರು, ಒಂದು ಪಲ್ಯ, ಕೊನೆಗೆ ಮಜ್ಜಿಗೆ. ಗಂಡ ತೀರಿಕೊಂಡ ಮೇಲೆ ಹದಿನಾರು ವರ್ಷದಿಂದ ಆ ಅಡುಗೆ ಅವಳದೇ. ಅಲ್ಲಿ ಉಂಡವರು ತಮ್ಮ ಮನೆಯ ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಅವಳನ್ನು ಕರೆಯುತ್ತಿದ್ದರು. ಅದರಲ್ಲೇ ಅವಳ ಜೀವನ ನಡೆಯುತ್ತಿತ್ತು. ಆ ಸೋಮವಾರ ಪ್ರಸಾದ ಉಂಡವರಲ್ಲಿ ಹಲವರಿಗೆ ರಾತ್ರಿಯಿಂದ ವಾಂತಿ, ಭೇದಿ. ಇಬ್ಬರು ಮುದುಕರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮಂಗಳವಾರ ರಾತ್ರಿ ಗುಡಿ ಸಮಿತಿಯ ಅಧ್ಯಕ್ಷರು ಅವಳ ಮನೆ ಬಾಗಿಲಿಗೆ ಬಂದು, ನೆರೆಹೊರೆಯವರಿಗೆಲ್ಲ ಕೇಳುವ ಹಾಗೆ, "ಅಡುಗೆಯವರ ಕೈ ಶುದ್ಧ ಇರಬೇಕಮ್ಮ. ಇನ್ನು ನೀವು ಬರೋದು ಬೇಡ" ಎಂದು ಹೇಳಿ ಹೋಗಿದ್ದರು.

ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಕೈ ಸರಿ ಇಲ್ಲ ಎಂಬ ಮಾತು ಅಂಟಿಕೊಂಡ ಅಡುಗೆಯವಳನ್ನು ಆ ಊರಿನಲ್ಲಿ ಯಾರೂ ಯಾವ ಕಾರ್ಯಕ್ಕೂ ಕರೆಯುವುದಿಲ್ಲ. ಅದು ನನಗೂ ಗೊತ್ತಿತ್ತು.

"ನನಗೆ ಯಾಕೆ ಹೇಳ್ತಿದೀಯ?" ಎಂದೆ.

"ನೀವು ಯಾರ ಕೈನೂ ನಂಬಲ್ಲ ಅಂತ ನಮ್ಮ ನೆಂಟರಿಗೆಲ್ಲ ಗೊತ್ತು. ನೀವು ಸರಿ ಇದೆ ಅಂದ್ರೆ ಎಲ್ರೂ ನಂಬ್ತಾರೆ."

ಹೊಗಳಿಕೆಯಲ್ಲ, ಚುಚ್ಚು ಮಾತು. ನಾಲ್ಕು ವರ್ಷದ ಹಿಂದೆ, ಶಿವಮೊಗ್ಗದ ನಮ್ಮ ರವೀಂದ್ರನಗರದ ಮನೆಯ ಗೃಹಪ್ರವೇಶದ ದಿನ, ಅವಳು ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನು ನಾನು ಮತ್ತೆ ತೊಳೆದಿದ್ದೆ. ಅವಳ ಎದುರಿಗೇ ತೊಳೆದಿದ್ದೆ. ಅಂಚಿನಲ್ಲಿ ಸಬೀನ ಪುಡಿ ಉಳಿದಿತ್ತು ಎಂಬುದು ನನ್ನ ವಾದ. ಉಳಿದಿರಲಿಲ್ಲ ಎಂಬುದು ಅವಳ ವಾದ. ಅವಳು ಊಟ ಮಾಡದೆ ಬಸ್ಸು ಹತ್ತಿದಳು. ನಾನು ಕರೆಯಲಿಲ್ಲ.

ನಾನು ಮೂವತ್ತೊಂದು ವರ್ಷ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿದವಳು. ನಿವೃತ್ತಿಯಾದ ಮೇಲೂ ಅದನ್ನು ಬಿಡಲಿಲ್ಲ. ತಿಂಗಳಿಗೊಮ್ಮೆ ತುಂಗಾ ಹೊಳೆಯ ನೀರನ್ನು ಮೂರು ಕಡೆ ಹಿಡಿಯುತ್ತೇನೆ. ಗಾಜನೂರಿನಲ್ಲಿ ಊರಿಗಿಂತ ಮೇಲೆ, ಶಿವಮೊಗ್ಗದ ಸೇತುವೆಯ ಕೆಳಗೆ, ಮತ್ತು ಮೋರಿಗಳೆಲ್ಲ ಸೇರಿದ ಮೇಲೆ. ಫಲಿತಾಂಶವನ್ನು ಪುಸ್ತಕದಲ್ಲಿ ಬರೆದು, ಒಂದು ಪ್ರತಿಯನ್ನು ಪಾಲಿಕೆಯ ಕಚೇರಿಗೆ ಕಳಿಸುತ್ತೇನೆ. ಉತ್ತರ ಬರುವುದಿಲ್ಲ. ಹೊಳೆಯಲ್ಲಿ ಮೀಯುತ್ತಿರುವವರು ಮಾತ್ರ ಉತ್ತರ ಕೊಡುತ್ತಾರೆ. "ತುಂಗಾ ಪಾನ ಗಂಗಾ ಸ್ನಾನ ಅಂತ ಹಿರಿಯರು ಸುಮ್ನೆ ಹೇಳಿದ್ರೇನಮ್ಮಾ?" ಎಂದು ಒಬ್ಬ ಸೋಪು ಹಚ್ಚಿಕೊಂಡ ಮುಖದಲ್ಲೇ ಕೇಳಿದ್ದ. ಹಿರಿಯರ ಕಾಲದಲ್ಲಿ ಇಷ್ಟು ಕಕ್ಕಸಿನ ನೀರು ಹೊಳೆಗೆ ಬಿಟ್ಟಿರಲಿಲ್ಲ ಎಂದೆ. ಅವನು ನನ್ನ ಕಡೆಗೇ ಬಾಯಿ ಮುಕ್ಕಳಿಸಿ ಉಗಿದ.

ಪರೀಕ್ಷೆ ಸುಲಭದ್ದು. ಅಂಗೈಯಷ್ಟು ಉದ್ದದ ಗಾಜಿನ ಬಾಟಲಿ, ಒಳಗೆ ಔಷಧಿ ಹಚ್ಚಿದ ಕಾಗದದ ಚೂರು. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಇಡಬೇಕು. ಮನುಷ್ಯರ, ದನಗಳ ಹೊಟ್ಟೆಯಿಂದ ಬರುವ ಬ್ಯಾಕ್ಟೀರಿಯಾ ನೀರಿನಲ್ಲಿ ಇದ್ದರೆ ಒಂದೆರಡು ದಿನದೊಳಗೆ ಅದು ಕಪ್ಪಾಗುತ್ತದೆ. ಇಲ್ಲದಿದ್ದರೆ ಕಪ್ಪಾಗುವುದಿಲ್ಲ. ಇದನ್ನು ಎಂಟನೇ ಕ್ಲಾಸಿನ ಮಕ್ಕಳೂ ಮಾಡಬಹುದು. ಆದರೆ ನೀರು ಹಿಡಿಯುವ ಕ್ರಮವನ್ನು ಎಂ.ಎಸ್ಸಿ. ಓದಿದವರೂ ಕೆಡಿಸುತ್ತಾರೆ. ಬಾಟಲಿಯ ಬಾಯಿಗೆ ಬೆರಳು ತಾಗಬಾರದು. ಹೊಳೆಯ ಹರಿವಿಗೆ ಎದುರಾಗಿ ನಿಲ್ಲಬೇಕು. ನಲ್ಲಿಯಾದರೆ ಎರಡು ನಿಮಿಷ ನೀರು ಬಿಟ್ಟು ಆಮೇಲೆ ಹಿಡಿಯಬೇಕು. ಜಾಗ, ದಿನ, ಗಂಟೆಯನ್ನು ಅಲ್ಲೇ, ಆಗಲೇ ಬರೆಯಬೇಕು. ಮನೆಗೆ ಹೋಗಿ ಬರೆಯುತ್ತೇನೆ ಎನ್ನುವವರು ಈ ಕೆಲಸಕ್ಕೆ ಬೇಡ.

ಗುರುವಾರ ಬೆಳಿಗ್ಗೆ ಏಳರ ಬಸ್ಸಿಗೆ ಭದ್ರಾವತಿಗೆ ಹೋದೆ. ವಾರಗಿತ್ತಿ ಗುಡಿಯ ಮುಂದೆ ನಿಂತಿದ್ದಳು. ಕಾಫಿ ಕುಡಿದ್ರಾ ಎಂದು ಕೇಳಲಿಲ್ಲ, ನಾನೂ ಹೇಗಿದ್ದೀಯ ಎನ್ನಲಿಲ್ಲ. ಬಸ್ಸಿನ ಕಂಬಿ ಹಿಡಿದ ಕೈಯಲ್ವೆ ಎಂದು ಗುಡಿಯ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದುಕೊಂಡು ಕೆಲಸ ಶುರು ಮಾಡಿದೆ.

ಸೋಮವಾರ ಏನೇನು ಹೇಗೆ ಮಾಡಿದೆ ಎಂದು ಕೇಳಿದೆ. ಅವಳು ಗೋಡೆ ನೋಡುತ್ತ ಹೇಳಿದಳು. ಅನ್ನ, ಸಾರು, ಪಲ್ಯ ಎಲ್ಲ ಕುದ್ದದ್ದು. ಮಜ್ಜಿಗೆಗೆ ಮಾತ್ರ ಟ್ಯಾಂಕಿನ ನೀರು, ಹಸಿಯಾಗಿ. ಟ್ಯಾಂಕಿಗೆ ನೀರು ಬರುವುದು ಹೊಳೆಯಿಂದ, ಮೋಟಾರಿನಲ್ಲಿ. ಹೋಗಿ ನೋಡಿದೆ. ಮೋಟಾರಿನ ಪೈಪು ಹೊಳೆಗಿಳಿದ ಜಾಗಕ್ಕೆ ಮೂವತ್ತು ಹೆಜ್ಜೆ ಮೇಲೆ ಬಡಾವಣೆಯ ಮೋರಿ ಬಂದು ಬೀಳುತ್ತಿತ್ತು. ಮೂಗಿದ್ದವರಿಗೆ ಬಾಟಲಿ ಬೇಕಾಗಿರಲಿಲ್ಲ.

"ಇಷ್ಟು ವರ್ಷ ಇದೇ ನೀರನ್ನ ಮಜ್ಜಿಗೆಗೆ ಹಾಕ್ತಿದ್ದೀಯಾ?"

"ಮೋರಿ ಬಂದಿದ್ದು ಹೋದ ವರ್ಷ. ಆವತ್ತೇ ಅಧ್ಯಕ್ಷರಿಗೆ ಹೇಳ್ದೆ. ಹರಿಯೋ ನೀರಿಗೆ ಮೈಲಿಗೆ ಇಲ್ಲ ಅಂದ್ರು. ಈ ಸಲ ಹೊಳೆ ಬತ್ತಿ ಮೋರಿ ನೀರೇ ಜಾಸ್ತಿ ಆಗಿದೆ. ನಾನು ಅಡುಗೆಯವಳು. ನಿಮ್ಮ ಹಾಗೆ ದೊಡ್ಡ ಲ್ಯಾಬಲ್ಲಿ ಕೂತವಳಲ್ಲ."

ಹೊಳೆಯದೊಂದು, ಟ್ಯಾಂಕಿನ ನಲ್ಲಿಯದೊಂದು ಬಾಟಲಿ ತುಂಬಿದೆ. ಮನೆಯಿಂದ ತಂದಿದ್ದ ಕಾಯಿಸಿ ಆರಿಸಿದ ನೀರನ್ನು ಅಲ್ಲೇ ನಿಂತು ಮೂರನೆಯದಕ್ಕೆ ಹಾಕಿದೆ. ನನ್ನ ಕೈಚಳಕದಿಂದಲೇ ನೀರು ಕೆಟ್ಟಿತು ಎಂದು ನಾಳೆ ಯಾರಾದರೂ ಹೇಳಿದರೆ ಅದು ಉತ್ತರ ಕೊಡುತ್ತದೆ. ಆಮೇಲೆ ಕಾಯಿಸಿದ ನೀರನ್ನೇ ಒಂದು ಬಟ್ಟಲಿಗೆ ಹಾಕಿ ಅವಳ ಮುಂದಿಟ್ಟೆ.

"ಕೈ ಅದ್ದು."

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕಪ್ಪಿಟ್ಟಿತು. "ನನ್ನ ಕೈನೂ ಟೆಸ್ಟ್ ಮಾಡ್ತೀರಾ? ನಾನು ನಿಮ್ಮನ್ನ ಕರೆದಿದ್ದು ಇದಕ್ಕಾ?"

"ಇದಕ್ಕೇ. ನಿನ್ನ ಕೈ ಮೇಲೆ ತಾನೇ ಆರೋಪ? ಕೈ ಬಿಟ್ಟು ಬರೀ ನೀರು ನೋಡಿದೆ ಅಂದ್ರೆ, ವಾರಗಿತ್ತಿ ಅಂತ ಮುಚ್ಚಿ ಹಾಕಿದಳು ಅಂತಾರೆ."

"ಹಾಗಾದ್ರೆ ನಿಮ್ಮದೂ ಅದ್ದಿ."

ನ್ಯಾಯವಾದ ಮಾತು. ಅವಳು ಮನೆಯಲ್ಲಿ ನಗರಸಭೆಯ ನಲ್ಲಿ ನೀರಿನಲ್ಲಿ ಕೈ ತೊಳೆದು ನೇರ ಬಂದಿದ್ದಳು. ಒಂದು ಬಟ್ಟಲಿಗೆ ಅವಳು ಕೈ ಅದ್ದಿದಳು, ಇನ್ನೊಂದಕ್ಕೆ ನಾನು. ಎರಡನ್ನೂ ಬೇರೆ ಬೇರೆ ಬಾಟಲಿಗೆ ಸುರಿದು ಹೆಸರಿನ ಬದಲು ನಾಲ್ಕು, ಐದು ಎಂದು ಬರೆದೆ. ನಾಲ್ಕನೆಯದು, ಅಂದರೆ ಅವಳದು, ಕಪ್ಪಾಗುತ್ತದೆ ಎಂದೇ ನಾನು ಒಳಗೊಳಗೆ ಅಂದುಕೊಂಡಿದ್ದೆ. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ.

ಅಷ್ಟರಲ್ಲಿ ಅಧ್ಯಕ್ಷರು ಬಂದರು. ಅಡಿಕೆ ವ್ಯಾಪಾರದವರು. ಹಣೆಯ ಮೇಲೆ ದಪ್ಪ ವಿಭೂತಿ, ಬಿಳಿ ಅಂಗಿಯ ಜೇಬಿನಲ್ಲಿ ಎರಡು ಫೋನು.

"ಏನ್ ನಡೀತಿದೆ ಇಲ್ಲಿ?"

"ನೀರು ಪರೀಕ್ಷೆ."

"ಯಾರನ್ನ ಕೇಳಿ?"

"ಹೊಳೆ ನೀರಿಗೆ ಯಾರನ್ನ ಕೇಳಬೇಕು?"

"ಹೊಳೆದು ಹೊಳೆಗಾಯ್ತು. ಟ್ಯಾಂಕಿನ ನೀರು ಸ್ವಾಮಿ ಅಭಿಷೇಕದ್ದು. ಅದಕ್ಕೆ ಪರೀಕ್ಷೆ ಮಾಡೋಷ್ಟು ದೊಡ್ಡವರಾದ್ರಾ?" ವಾರಗಿತ್ತಿಯ ಕಡೆ ತಿರುಗಿ, "ಅಡುಗೆ ಕೆಡಿಸಿದ್ದು ಸಾಲ್ದು ಅಂತ ಗುಡಿ ಮಾನ ಕಳಿಯೋಕೆ ಅಕ್ಕನ್ನ ಬೇರೆ ಕರ್ಕೊಂಡು ಬಂದೆಯಾ?" ಎಂದರು.

"ಮಾನದ ವಿಷಯ ನೀವೇ ನಮ್ಮ ಮನೆ ಬಾಗಿಲಲ್ಲಿ ಶುರು ಮಾಡಿದ್ದು" ಎಂದಳು ಅವಳು.

"ನಮಗೂ ಲ್ಯಾಬು ಗೊತ್ತು ತಾಯಿ. ಸರ್ಕಾರಿ ಸೀಲಿರೋ ಪೇಪರೇ ತರಿಸ್ತೀನಿ. ಆಮೇಲೆ ನಿಮ್ಮ ಶೀಷೆಗಳನ್ನ ಎಲ್ಲಿ ಇಟ್ಕೋತೀರೋ ನೋಡೋಣ."

ನಾನು ಬಾಟಲಿಗಳ ಡಬ್ಬಿ ಮುಚ್ಚಿ ಬಸ್ಸಿಗೆ ಹೊರಟೆ.

ಶನಿವಾರ ಬೆಳಿಗ್ಗೆ ಬಾಟಲಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹೊಳೆಯದು ಕಪ್ಪು. ಟ್ಯಾಂಕಿನದು ಮಸಿಯಷ್ಟು ಕಪ್ಪು. ಕಾಯಿಸಿದ ನೀರು ಹಾಗೇ ಇತ್ತು. ನಾಲ್ಕನೆಯದೂ, ಅವಳ ಕೈಯದು, ಹಾಗೇ ಇತ್ತು. ಐದನೆಯದು, ನನ್ನದು, ಕಪ್ಪಾಗಿತ್ತು.

ನಾನು ಕುರ್ಚಿಯ ಮೇಲೆ ಕೂತೆ. ಮೂವತ್ತೊಂದು ವರ್ಷದಲ್ಲಿ ಹೀಗಾಗಿರಲಿಲ್ಲ. ಗುರುವಾರ ಬೆಳಗಿನಿಂದ ಏನೇನು ಮಾಡಿದೆ ಎಂದು ಕ್ರಮವಾಗಿ ನೆನಪಿಸಿಕೊಂಡೆ. ಬಸ್ಸು ಇಳಿದದ್ದು, ಗುಡಿಗೆ ಬಂದದ್ದು, ಕೈ ತೊಳೆದದ್ದು. ಎಲ್ಲಿ ತೊಳೆದೆ? ಗುಡಿಯ ನಲ್ಲಿಯಲ್ಲಿ. ಅದೇ ಟ್ಯಾಂಕಿನ ನೀರಿನಲ್ಲಿ. ಸೋಪು ಹಾಕಿ, ಉಗುರಿನ ಸಂದಿ ಬಿಡದೆ ತಿಕ್ಕಿ, ಕೊನೆಗೆ ಮೋರಿ ನೀರಿನಲ್ಲೇ ಕೈ ತೊಳೆದುಕೊಂಡಿದ್ದೆ. ಪುಸ್ತಕದಲ್ಲಿ ಐದೂ ಫಲಿತಾಂಶ ಬರೆದೆ. ಐದನೆಯದನ್ನು ಬರೆಯುವಾಗ ಪೆನ್ನು ನಿಲ್ಲಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎರಡು ದಿನ ಕಳೆದು ಸೋಮವಾರ ಗುಡಿಯಲ್ಲಿ ಹೊರಗಿನವರು ಯಾರೋ ಬಂದು ಅಡುಗೆ ಮಾಡಿದರಂತೆ. ಮಜ್ಜಿಗೆ ಇರಲಿಲ್ಲವಂತೆ. ಯಾರಿಗೂ ಏನೂ ಆಗಲಿಲ್ಲ. ಕೈ ಬದಲಾದ ಕೂಡಲೇ ಎಲ್ಲ ಸರಿಹೋಯಿತು ಎಂದು ಊರು ಆಡಿಕೊಂಡಿತು. ಮಜ್ಜಿಗೆ ಇರಲಿಲ್ಲ ಎಂಬುದು ಯಾರ ಬಾಯಲ್ಲೂ ಬರಲಿಲ್ಲ.

ಮುಂದಿನ ಗುರುವಾರ ಸಂಜೆ ಗುಡಿಯ ಪ್ರಾಂಗಣದಲ್ಲಿ ಸಮಿತಿ ಸೇರಿತು. ಹನ್ನೆರಡು ಗಂಡಸರು, ನಾವಿಬ್ಬರು ಹೆಂಗಸರು. ನಾನು ಪುಸ್ತಕ ತೆರೆದು ಒಂದರಿಂದ ಐದರವರೆಗೆ ಓದಿದೆ. ಐದನೆಯದಕ್ಕೆ ಬರುತ್ತಲೇ ಅಧ್ಯಕ್ಷರು ತೊಡೆ ತಟ್ಟಿಕೊಂಡು ನಕ್ಕರು.

"ಮೇಡಂ ಕೈಯೇ ಕೊಳಕು. ಅದೇ ಕೈಯಲ್ಲಿ ನಮ್ಮ ಸ್ವಾಮಿ ನೀರು ಮುಟ್ಟಿ ಹೋಗಿದಾರೆ, ನೋಡ್ರಪ್ಪಾ."

"ನನ್ನ ಕೈ ಕೊಳಕಾಗಿದ್ದು ನಿಮ್ಮ ನಲ್ಲೀಲಿ ತೊಳೆದ ಮೇಲೆ. ಅದೇ ಕೈ ತುಂಬಿದ ಮೂರನೇ ಬಾಟಲಿ ಶುದ್ಧವಾಗೇ ಇದೆ. ಇಲ್ಲೇ ಇದೆ, ನೋಡಿ."

ಯಾರೂ ನೋಡಲಿಲ್ಲ. ಅಧ್ಯಕ್ಷರು ಮಡಿಚಿದ ಕಾಗದವನ್ನು ಜೇಬಿನಿಂದ ತೆಗೆದರು. ಶಿವಮೊಗ್ಗದ ಪ್ರಯೋಗಾಲಯದ ವರದಿ. ಹಿಂದಿನ ದಿನವಷ್ಟೇ ಬಂದದ್ದು. ಟ್ಯಾಂಕಿನ ನೀರಿನಲ್ಲಿ ಬ್ಯಾಕ್ಟೀರಿಯಾ ಇಲ್ಲ. ಕೆಳಗೆ ಸೀಲು, ಸಹಿ. ಕಾಗದ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಓದಿ ನನ್ನ ಕಡೆ ನೋಡಿದರು. ವಾರಗಿತ್ತಿ ಸೆರಗು ಬಿಗಿಮಾಡಿಕೊಂಡು ಎದ್ದು ನಿಂತಳು. ಹೋಗಲು ಎದ್ದದ್ದು ಅದು.

"ಕೂತ್ಕೋ" ಎಂದೆ. ವರದಿಯನ್ನು ಎರಡು ಸಲ ಓದಿದೆ. ಕೆಲಸ ಗೊತ್ತಿದ್ದವರು ಮಾಡಿದ ವರದಿ, ತಪ್ಪು ಹುಡುಕಲು ಜಾಗವಿರಲಿಲ್ಲ. ನೀರು ಹಿಡಿದದ್ದು ಸೋಮವಾರ ಬೆಳಿಗ್ಗೆ ಎಂದು ಬರೆದಿತ್ತು.

"ಅಧ್ಯಕ್ಷರೇ, ಸೋಮವಾರ ಬೆಳಿಗ್ಗೆ ಎಷ್ಟು ಗಂಟೆಗೆ ಹಿಡಿದ್ರಿ?"

"ಸೋಮವಾರ ಕೊಟ್ಟಿದ್ದು. ಹಿಡಿದಿದ್ದು ಶನಿವಾರ, ಬೆಳಗಿನ ಜಾವ" ಎಂದು ಅವರು ಎದೆ ಸೆಟೆಸಿದರು. "ನಿಮ್ಮ ಹಾಗೆ ಬಸ್ಸು ಇಳಿದು ಬಂದು ಹಿಡಿದಿದ್ದಲ್ಲ. ಸ್ನಾನ ಮಾಡಿ, ಒದ್ದೆ ಪಂಚೇಲಿ ಬಂದು, ಅಭಿಷೇಕದ ಚೊಂಬಲ್ಲಿ ನಾನೇ ಹಿಡ್ದೆ. ಶನಿವಾರ ಹೋದ್ರೆ ಲ್ಯಾಬು ಬಾಗಿಲು ಹಾಕಿತ್ತು, ಎರಡನೇ ಶನಿವಾರ. ಸ್ವಾಮಿ ಮುಂದೆ ಬಿಲ್ವಪತ್ರೆ ಹಾಕಿ ಇಟ್ಟಿದ್ದೆ. ಸೋಮವಾರ ಅವರು ಕೊಟ್ಟ ಬಾಟಲಿಗೆ ಸುರಿದು ಕೊಟ್ಟು ಬಂದೆ."

"ಚೊಂಬು ಯಾವುದರದ್ದು?"

"ತಾಮ್ರದ್ದು. ಇನ್ನೇನು ಪ್ಲಾಸ್ಟಿಕ್ಕಲ್ಲಿ ಅಭಿಷೇಕ ಮಾಡ್ತಾರಾ?"

ನಾನು ಪುಸ್ತಕ ಮುಚ್ಚಿದೆ. "ರಾತ್ರಿ ತಾಮ್ರದ ಚೊಂಬಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯೋರು ಇಲ್ಲಿ ಎಷ್ಟು ಜನ ಇದೀರಿ?"

ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದರು. ಅಧ್ಯಕ್ಷರೂ ಎತ್ತಿದರು, ಎತ್ತಿದ ಮೇಲೆ ಇಳಿಸಿದರು.

"ಯಾಕೆ ಕುಡೀತೀರಿ? ಹುಳ ಸಾಯುತ್ತೆ ಅಂತ ತಾನೇ? ನಿಮ್ಮ ಅಜ್ಜಿಯರು ಸರಿಯಾಗೇ ಹೇಳಿದಾರೆ. ಎರಡು ರಾತ್ರಿ ತಾಮ್ರದಲ್ಲಿಟ್ಟು ಬ್ಯಾಕ್ಟೀರಿಯಾ ಕೊಂದು, ಆಮೇಲೆ ಬ್ಯಾಕ್ಟೀರಿಯಾ ಇದೆಯಾ ನೋಡಿ ಅಂತ ಕೊಟ್ಟಿದೀರಿ. ಲ್ಯಾಬಿನವರು ಚೊಂಬಿನ ನೀರಿಗೆ ವರದಿ ಕೊಟ್ಟಿದಾರೆ. ಟ್ಯಾಂಕಿನ ನೀರಿಗಲ್ಲ."

ಗುಡಿಯ ಅರ್ಚಕರು, ಎಂಬತ್ತರ ಹತ್ತಿರದವರು, ಗಂಟಲು ಸರಿಮಾಡಿಕೊಂಡರು. "ಇಬ್ರೂ ಬಾಯಲ್ಲೇ ಜಗಳ ಆಡೋ ಬದಲು ಮಾಡಿ ತೋರ್ಸಿ ಮಾರಾಯ್ತಿ. ಒಂದು ತಾಮ್ರ, ಒಂದು ಸ್ಟೀಲು. ನನ್ನ ಕಣ್ಣೆದುರಿಗೇ ಇರ್ಲಿ. ಗರ್ಭಗುಡಿ ಬೀಗದ ಕೈ ನನ್ನ ಹತ್ರಾನೇ ಇರುತ್ತೆ."

ಮರುದಿನ ಬೆಳಿಗ್ಗೆ ಅಧ್ಯಕ್ಷರೇ ತಮ್ಮ ಕೈಯಾರೆ ಟ್ಯಾಂಕಿನ ನೀರನ್ನು ಎರಡು ಚೊಂಬಿಗೆ ತುಂಬಿದರು. ನಾನು ಮುಟ್ಟಲಿಲ್ಲ. ಎರಡಕ್ಕೂ ಬಿಲ್ವಪತ್ರೆ ಹಾಕಬೇಕೆಂದರು, ಹಾಕಿ ಎಂದೆ. ಎರಡು ರಾತ್ರಿ ಕಳೆದು ಭಾನುವಾರ ಬೆಳಿಗ್ಗೆ ಅವರಿಂದಲೇ ಎರಡೂ ಚೊಂಬಿನ ನೀರನ್ನು ನನ್ನ ಬಾಟಲಿಗಳಿಗೆ ತುಂಬಿಸಿದೆ. ಬಾಟಲಿಯ ಬಾಯಿಗೆ ಬೆರಳು ತಾಗಿಸಿದರು, ಎರಡು ಸಲ ಬೈದು ಬೇರೆ ಬಾಟಲಿ ಕೊಟ್ಟೆ. "ಸ್ಕೂಲ್ ಟೀಚರ್ ಹಾಗೆ ಆಡ್ಬೇಡಿ" ಎಂದರು. ನಿಮಗೆ ಟೀಚರ್ ಸಿಕ್ಕಿದ್ದು ತಡವಾಯಿತು ಎಂದೆ. ಬಾಟಲಿಗಳು ನಂದಾದೀಪದ ಪಕ್ಕದ ಬೆಚ್ಚಗಿನ ಗೂಡಿನಲ್ಲಿ ಕೂತವು. ಅರ್ಚಕರು ಬೀಗ ಹಾಕಿದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬೀಗ ತೆಗೆದರು. ತಾಮ್ರದ ಚೊಂಬಿನದು ತಿಳಿಯಾಗೇ ಇತ್ತು. ಸ್ಟೀಲಿನದು ಕಪ್ಪು. ಅರ್ಚಕರು ಎರಡನ್ನೂ ದೀಪದ ಬೆಳಕಿಗೆ ಹಿಡಿದು ನೋಡಿ, ಅಧ್ಯಕ್ಷರ ಕೈಗೆ ಕೊಟ್ಟರು.

ಅಧ್ಯಕ್ಷರು ಸೋಲಲಿಲ್ಲ. "ನೋಡಿದ್ರಾ, ತಾಮ್ರದ ಮಹಿಮೆ" ಎಂದರು, ತಾವೇ ಕಂಡುಹಿಡಿದವರ ಹಾಗೆ. "ದೊಡ್ಡ ತಾಮ್ರದ ಹಂಡೆ ತರ್ಸೋಣ. ಮಜ್ಜಿಗೆ ರಾತ್ರೀನೇ ಅದರಲ್ಲಿ ಮಾಡಿಡೋಣ. ಹೊಳೆ ನೀರೂ ಆಯ್ತು, ಶುದ್ಧಾನೂ ಆಯ್ತು."

ಬಾಗಿಲಲ್ಲಿ ನಿಂತಿದ್ದ ವಾರಗಿತ್ತಿ ಆಗ ಬಾಯಿ ತೆರೆದಳು.

"ಮಾಡ್ಸಿ ಅಧ್ಯಕ್ಷರೇ. ಹುಳಿ ಮಜ್ಜಿಗೆ, ತಾಮ್ರದ ಹಂಡೆ, ಇಡೀ ರಾತ್ರಿ. ಬೆಳಿಗ್ಗೆ ಕಿಲುಬು ಹಿಡಿದು ಹಸಿರಾಗಿರುತ್ತೆ. ಉಂಡೋರು ಸಾಲಾಗಿ ಆಸ್ಪತ್ರೇಲಿ ಮಲಗ್ತಾರೆ. ಆಗ್ಲೂ ನನ್ನ ಕೈ ಅಂತೀರಾ, ಇಲ್ಲ ನಿಮ್ಮ ಹಂಡೆ ಅಂತೀರಾ?"

ಯಾರೋ ಹಿಂದೆ ಕಿಸಕ್ಕೆಂದು ನಕ್ಕರು. ಅರ್ಚಕರೂ ಶಲ್ಯದಲ್ಲಿ ಬಾಯಿ ಮುಚ್ಚಿಕೊಂಡರು. ಮಜ್ಜಿಗೆಯನ್ನು ತಾಮ್ರಕ್ಕೆ ಹಾಕಬಾರದೆಂಬುದು ಮನೆಯಲ್ಲಿ ಒಂದು ದಿನ ಒಲೆಯ ಮುಂದೆ ನಿಂತವರಿಗೆಲ್ಲ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಆದರೆ ನಾನು ಪುಸ್ತಕದಲ್ಲಿ ಫಲಿತಾಂಶ ಬರೆಯುವುದರಲ್ಲಿದ್ದೆ, ಅವಳು ನನಗಿಂತ ಮೊದಲು ಹೇಳಿದಳು.

ಮಜ್ಜಿಗೆಗೆ ನೀರನ್ನು ಕಾಯಿಸಿ ಆರಿಸಿ ಹಾಕಬೇಕು, ಮೋಟಾರಿನ ಪೈಪನ್ನು ಮೋರಿಗಿಂತ ಮೇಲಕ್ಕೆ ಸರಿಸಬೇಕು ಎಂದು ಅರ್ಚಕರು ಹೇಳಿದರು. ಸಮಿತಿ ಒಪ್ಪಿತು. ಅವಳು ಅವತ್ತಿನಿಂದಲೇ ಅಡುಗೆಗೆ ಬರಲಿ ಎಂದೂ ಒಪ್ಪಿತು. ಅವಳ ಬಗ್ಗೆ ಆಡಿದ ಮಾತಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅಧ್ಯಕ್ಷರು "ಆಗಿದ್ದು ಆಗ್ಹೋಯ್ತು, ಇನ್ನು ಒಲೆ ಹಚ್ಚಮ್ಮ" ಎಂದು ಫೋನು ಕಿವಿಗೆ ಹಿಡಿದು ಹೊರಗೆ ಹೋದರು. ಅವಳು ಒಲೆ ಹಚ್ಚಿದಳು. ಸಹಾಯಕ್ಕೆ ಹೋದ ನನಗೆ "ನೀವು ಆ ಕಡೆ ಕೂತ್ಕೊಳ್ಳಿ" ಎಂದಳು. ಕೂತೆ.

ಮಧ್ಯಾಹ್ನ ಪ್ರಾಂಗಣದಲ್ಲಿ ನಾಲ್ಕು ಸಾಲು ಎಲೆ ಬಿತ್ತು. ಎರಡು ವಾರದ ಹಿಂದೆ ಹಾಸಿಗೆ ಹಿಡಿದಿದ್ದ ಇಬ್ಬರು ಮುದುಕರೂ ಬಂದು ಕೂತರು. ಅಧ್ಯಕ್ಷರು ಮೊದಲ ಸಾಲಿನ ಮೊದಲ ಎಲೆಯ ಮುಂದೆ ಕೂತರು. ಎಲೆಗೆ ನೀರು ಚಿಮುಕಿಸಿ ಎಲ್ಲರೂ ಕಾದರು. ಅನ್ನದ ಕೊಳಗ ಮುಚ್ಚಿಯೇ ಇತ್ತು. ಅವಳು ಅದರ ಪಕ್ಕದಲ್ಲಿ ಸೌಟು ಹಿಡಿದು ನಿಂತಿದ್ದಳು.

"ಬಡ್ಸಮ್ಮಾ" ಎಂದರು ಅಧ್ಯಕ್ಷರು.

"ಬಡಿಸ್ತೀನಿ. ನೀವು ಊರಿಗೆ ಹೇಳಿದ್ದನ್ನ ಊರಿಗೇ ವಾಪಸ್ ಹೇಳಿ."

"ಈಗ್ಲಾ? ಊಟದ ಹೊತ್ತಲ್ಲಿ?"

"ನನ್ನ ಮನೆ ಬಾಗಿಲಿಗೆ ಬಂದಾಗ ನಾನೂ ಊಟಕ್ಕೇ ಕೂತಿದ್ದೆ."

ಎಲ್ಲರೂ ಎಲೆ ನೋಡುತ್ತ ಕೂತರು. ಎದ್ದು ಹೋಗಲು ಅಧ್ಯಕ್ಷರಿಗೆ ಆಗದು, ಪ್ರಸಾದದ ಎಲೆ ಬಿಟ್ಟು ಏಳುವ ಹಾಗಿಲ್ಲ. ಅವರು ಕಂಬದ ಕಡೆ ನೋಡಿ ಗೊಣಗಿದರು. "ಆವತ್ತಿನದು ನೀರಿನ ದೋಷ. ಅಡುಗೆಯವರ ಕೈದಲ್ಲ."

"ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ."

ಅವರು ಅವಳ ಮುಖ ನೋಡಿದರು. ಆಮೇಲೆ ಗಟ್ಟಿಯಾಗಿ, ಹರಾಜು ಕೂಗುವ ದನಿಯಲ್ಲಿ ಹೇಳಿದರು. "ನೀರಿನ ದೋಷ ಕಣ್ರಪ್ಪಾ. ಅಡುಗೆಯವರ ಕೈದಲ್ಲ. ನಾನು ತಪ್ಪು ಹೇಳಿದ್ದೆ."

ಅವಳು ಕೊಳಗದ ಮುಚ್ಚಳ ತೆಗೆದಳು. ಅನ್ನದ ಹಬೆ ಎದ್ದಿತು. ಬುಟ್ಟಿಗೆ ಅನ್ನ ತುಂಬಿಕೊಂಡು, ಅಧ್ಯಕ್ಷರ ಎಲೆಯನ್ನು ದಾಟಿ, ಮೊದಲ ಸಾಲನ್ನೂ ದಾಟಿ, ನೇರ ನಾಲ್ಕನೆಯ ಸಾಲಿನ ಕೊನೆಗೆ ಹೋಗಿ ಅಲ್ಲಿಂದ ಬಡಿಸಲು ಶುರು ಮಾಡಿದಳು.